ತಾಮ್ರದ ತಂಬಿಗೆಯೊಳಗಿನ ಮೀನು

ಆಶ್ರಮ ಎಂದಕೂಡಲೇ ಜಿಂಕೆ, ಆಲದಮರ, ಕಾವಿಬಟ್ಟೆ ಎಲ್ಲ ಕಣ್ಣೆದುರು ತಂದುಕೊಳ್ಳಬೇಡಿ. ಹೊಳೆಯ ದಂಡೆಯ ಮೇಲೆ ಎರಡು ಹಂಚಿನ ಮನೆ, ಒಂದು ತಗಡಿನ ಕೋಣೆ, ಅಂಗಳದಲ್ಲಿ ನೀರು ತುಂಬಿಡುವ ಒಂದು ಕಲ್ಲಿನ ಬಾನಿ. ಇದ್ದದ್ದು ಅಷ್ಟೇ.

ಅಲ್ಲಿದ್ದವರು ಮೋನೇಶಾಚಾರ್ಯರು. ತಾಮ್ರದ ಕೊಡ ಬಡಿಯುವವರ ಮನೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ, ಮುಪ್ಪಿನಲ್ಲಿ ಹೊಳೆಗೆ ಬಂದು ಕೂತವರು. ಕಲಿಯಬೇಕು ಅನ್ನುವವರು ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು.

ಬಂದವರಿಗೆಲ್ಲ ಮೊದಲ ಪಾಠ ಒಂದೇ. ಕಿಲುಬು ಹಿಡಿದ ತಾಮ್ರದ ತಂಬಿಗೆ, ಒಂದು ಉಂಡೆ ಹುಣಸೆಹಣ್ಣು. ಕೂತು ತಿಕ್ಕಬೇಕು.

ಫಳಫಳ ಹೊಳೆಯುವ ತಂಬಿಗೆ ತಂದಿಟ್ಟ ಮೇಲೆ ಆಚಾರ್ಯರು ಕೇಳುತ್ತಿದ್ದರು. “ಕಿಲುಬು ಎಲ್ಲಿ ಹೋತು?”

“ಹೋತ್ರಿ,” ಎನ್ನುತ್ತಿದ್ದರು ಎಲ್ಲರೂ.

“ಹೋಗಾಕ ಅದಕ್ಕ ಕಾಲದಾವೇನು? ಮತ್ತ ತಿಕ್ಕು.”

ಎಷ್ಟೋ ಮಂದಿ ತಿಕ್ಕಿ ತಿಕ್ಕಿ ಬೇಸತ್ತು ಊರಿಗೆ ವಾಪಸಾದರು. ರಸಾಯನಶಾಸ್ತ್ರ ಕಲಿಯಲು ಬಂದು ಪಾತ್ರೆ ಬೆಳಗುತ್ತ ಕೂರುವುದು ಯಾರಿಗೆ ಬೇಕು ಹೇಳಿ!

ನೀಲಾಂಬಿಕೆ ಮಾತ್ರ ತಂಬಿಗೆಯ ಜೊತೆಗೆ ತಿಕ್ಕಿದ ನೀರನ್ನೂ ಬೋಗುಣಿಯಲ್ಲಿ ಎತ್ತಿಕೊಂಡು ಬಂದಳು. ನೀರು ಹಸಿರಾಗಿತ್ತು.

“ಹುಣಸಿಹಣ್ಣು ಹಿಡಕೊಂಡೈತ್ರಿ, ಗುರುಗಳ.”

“ಸೈ,” ಎಂದರು ಆಚಾರ್ಯರು. ಅವರ ಬಾಯಿಂದ ಆ ಮಾತು ಬರುವುದೇ ಅಪರೂಪ.

ಆ ಒಂದು ‘ಸೈ’ ಎಷ್ಟು ದುಬಾರಿಯಾಯಿತು ಅನ್ನುವುದನ್ನೇ ನಾನೀಗ ಹೇಳಹೊರಟಿರುವುದು.

ನೀಲಾಂಬಿಕೆ ಒಬ್ಬಳೇ ಬಂದಿರಲಿಲ್ಲ. ತಮ್ಮ ಕಲ್ಮೇಶನನ್ನೂ ಕರೆದುಕೊಂಡು ಬಂದಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ.

ಕಲ್ಮೇಶ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಗೆರೆ ಎಳೆದರೆ ದಾರ ಹಿಡಿದು ಎಳೆದಂತೆ ನೆಟ್ಟಗೆ. ಆ ಕೈಗೆ ಒಂದು ದಿನ ನಡುಕ ಬಂತು.

ದವಾಖಾನೆಯವರು ರೋಗ ಕಂಡುಹಿಡಿದರು. ನಾವು ತಿನ್ನುವ ಅನ್ನದಲ್ಲೆಲ್ಲ ಚೂರುಪಾರು ತಾಮ್ರ ಇರುತ್ತದೆ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೈ ಹೊರಗೆ ಹಾಕುತ್ತದೆ. ಕಲ್ಮೇಶನ ಮೈಗೆ ಹೊರಗೆ ಹಾಕಲು ಬರುತ್ತಿರಲಿಲ್ಲ. ತಾಮ್ರ ಮೊದಲು ಲಿವರಿನಲ್ಲಿ ತುಂಬಿತು, ಆಮೇಲೆ ತಲೆಗೇರಿತು.

ಗುಳಿಗೆ ಕೊಟ್ಟರು. “ಮೊದಮೊದಲು ನಡುಕ ಹೆಚ್ಚಾದೀತು. ಹೆಚ್ಚಾದ್ರ ಬಂದು ಹೇಳ್ರಿ. ನೀವ ನೀವ ಬಿಡಿಸಬ್ಯಾಡ್ರಿ,” ಎಂದು ಡಾಕ್ಟರು ಒತ್ತಿ ಹೇಳಿದರು.

ನೀಲಾಂಬಿಕೆ ತಲೆಯಾಡಿಸಿದಳು.

ಆಚಾರ್ಯರ ಬಳಿ ಅವಳು ಬಂದದ್ದು ಅದೇ ತಾಮ್ರವನ್ನು ಅರಿಯಲು. ಅವರು ಮುಚ್ಚುಮರೆಯಿಲ್ಲದೆ ಕಲಿಸಿದರು.

“ಕೈ ಮುಷ್ಟಿ ಮಾಡು,” ಎಂದರು ಒಂದು ದಿನ.

ಅವಳು ಮುಷ್ಟಿ ಕಟ್ಟಿದಳು. ಆಚಾರ್ಯರು ತಮ್ಮ ಎರಡೂ ಕೈಗಳಿಂದ ಅದನ್ನು ಹಿಡಿದರು.

“ಬಿಡಿಸಿಕೊ.”

ಎಳೆದಳು, ಜಗ್ಗಿದಳು. ಆಗಲಿಲ್ಲ. ತಾಮ್ರ ಬಡಿದವರ ಮನೆತನದ ಕೈ ಅದು.

“ಮುಷ್ಟಿ ತಾಮ್ರ. ನನ್ನ ಕೈ ಗಂಧಕ,” ಎಂದರು. “ನಮ್ಮ ಜೀವಕೋಶದಾಗ ಗಂಧಕ ಇರೋ ಸಣ್ಣ ಸಣ್ಣ ಅಣು ಇರತಾವ. ಥಯಾಲ್ ಅಂತಾರ. ಗ್ಲುಟಾಥಯೋನ್ ಅಂತ ಒಂದೈತಿ, ಅದರ ಹಿಡಿತ ಹಿಂಗ. ಪುಂಡಾಟ ಮಾಡಕೋಂತ ಅಡ್ಡಾಡೋ ತಾಮ್ರ ಕಂಡ್ರ ಸಾಕು, ಹಿಡದು ಕುಂದ್ರಸತೈತಿ.”

“ಕಾವಲುಗಾರ ಇದ್ದಂಗ ಅನ್ರಿ.”

“ಹೌದು. ಕಾವಲುಗಾರ.”

ನೀಲಾಂಬಿಕೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಲ್ಮೇಶ ಹಗಲೆಲ್ಲ ಬಾನಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಹೊಳೆಯಿಂದ ಪಂಚೆಯಲ್ಲಿ ಹಿಡಿದು ತಂದ ಪುಟ್ಟ ಮೀನುಗಳನ್ನು ಅದರಲ್ಲಿ ಬಿಟ್ಟಿದ್ದ. ಚುರುಮುರಿ ಪುಡಿಮಾಡಿ ಹಾಕುವನು. ಕೈ ನಡುಗಿ ಅರ್ಧ ನೆಲಕ್ಕೆ ಬಿದ್ದರೂ ಮೀನುಗಳಿಗೇನೂ ಬೇಸರವಿರಲಿಲ್ಲ. ಅದು ಅವನಿಗೆ ಬಹಳ ಹಿಡಿಸಿತ್ತು.

ತಗಡಿನ ಕೋಣೆಗೆ ‘ರಸಾಯನ ಶಾಲೆ’ ಎಂದು ಬೋರ್ಡು ಬರೆದುಕೊಡುತ್ತೇನೆ ಅಂತ ಒಮ್ಮೆ ಏಣಿ ಹತ್ತಿದ್ದ. ‘ರಸಾ’ ಎನ್ನುವಷ್ಟರಲ್ಲಿ ಕುಂಚ ಜಾರಿ ತಗಡಿನ ಮೇಲೆಲ್ಲ ಕೆಂಪು ಬಣ್ಣ ಇಳಿಯಿತು. ಇಳಿದು ಬಂದವನು ಮತ್ತೆ ಹತ್ತಲಿಲ್ಲ. ಅಕ್ಷರ ಅಷ್ಟಕ್ಕೇ ನಿಂತವು. ಒರೆಸುವುದಕ್ಕೂ ಯಾರಿಗೂ ಮನಸ್ಸು ಬರಲಿಲ್ಲ.

ಇಷ್ಟು ನಿಮಗೆ ಗೊತ್ತಿದ್ದರೆ ಸಾಕು. ಈಗ ಆ ಸೋಮವಾರಕ್ಕೆ ಬರುತ್ತೇನೆ.

ಸೋಮವಾರ ಅಲ್ಲಿ ತಾಮ್ರದ ಪಾತ್ರೆಗಳನ್ನೆಲ್ಲ ಬೆಳಗುವ ದಿನ. ತಿಕ್ಕಿದ ನೀರನ್ನು ಹಿತ್ತಲ ಕಲ್ಲುಗುಪ್ಪೆಯ ಮೇಲೆ ಚೆಲ್ಲಬೇಕು. ಗಿಡಕ್ಕಿಲ್ಲ, ಬಾನಿಗಿಲ್ಲ, ಹೊಳೆಗಂತೂ ಇಲ್ಲವೇ ಇಲ್ಲ. ಇದು ಆಚಾರ್ಯರ ಕಟ್ಟಪ್ಪಣೆ; ಆ ನೀರಿನಲ್ಲಿ ಕರಗಿದ ತಾಮ್ರ ಮೀನಿಗೆ ವಿಷ.

ನೀಲಾಂಬಿಕೆ ಬೆಳಿಗ್ಗೆಯೇ ಊರಿನ ಕಾಲೇಜಿಗೆ ಹೋಗಿದ್ದಳು. ಪರೀಕ್ಷೆ ಮಾಡುವ ಯಂತ್ರ ಇದ್ದದ್ದು ಅಲ್ಲೇ. ಮಧ್ಯಾಹ್ನ ವಾಪಸು ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಪಾತ್ರೆಗಳ ಮುಂದೆ ಕುಕ್ಕರಿಸಿ ತಿಕ್ಕಲು ಶುರು ಮಾಡಿದಳು.

ಆಚಾರ್ಯರು ಬಂದು ನಿಂತರು. “ಏನಾತವಾ?”

“ಆರಿಹೋತ್ರಿ.”

“ಏನು?”

“ಹೊಳಪು.”

ಆಚಾರ್ಯರು ಮೆಲ್ಲಗೆ ಅವಳ ಎದುರು ಕೂತರು. “ನೆಟ್ಟಗ ಹೇಳು.”

“ಗಾಜಿನ ನಳಿಗ್ಯಾಗ ಮೀನಿನಿಂದ ತಗದ ಡಿಎನ್ಎ ಎಳಿ ಇಟ್ಟಿದ್ದೆ. ಎಳಿ ಒಳಗ ಕುಂತಾಗ ಮಾತ್ರ ಹೊಳಿಯೋ ಬಣ್ಣ ಹಾಕಿದ್ದೆ. ಚಲೋ ಹೊಳೀತಿತ್ರಿ. ಆಮ್ಯಾಲೆ ತಾಮ್ರ ಹಿಡಕೊಂಡ ಗ್ಲುಟಾಥಯೋನ್ ಹಾಕಿದೆ. ಅದು ತಾಮ್ರಾನ ಹಿಡಕೊಂಡು ದೂರ ಹೋಗಿ ನಿಲ್ಲತೈತಿ, ಎಳಿ ತಂಟೇಕ ಬರೂದಿಲ್ಲ ಅಂತ ತಿಳಕೊಂಡಿದ್ದೆ.”

“ನಿಲ್ಲಲಿಲ್ಲೇನು?”

“ಇಲ್ರಿ. ತಾಮ್ರಾನ ಕೈ ಹಿಡಕೊಂಡ ಹೋಗಿ ಎಳಿಗೆ ಆತು ಕುಂತಿತು. ಬಣ್ಣ ಎದ್ದು ಹೊರಗ ಬಂತು. ಹೊಳಪು ಆರಿತು.”

ಅವಳು ತಂಬಿಗೆಯನ್ನು ಮತ್ತೆ ತಿಕ್ಕಿದಳು.

“ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. ಎಳಿ ತುಂಡ ತುಂಡ ಆಗಿತ್ತು ಗುರುಗಳ.”

ಅವಳು ಬೋಗುಣಿಯನ್ನು ಎತ್ತಿಕೊಂಡು ಎದ್ದಳು. ಹಸಿರು ನೀರು ತುಂಬಿತ್ತು. ಹಿತ್ತಲಿಗೆ ಹೋಗಬೇಕಾದವಳು ಅಂಗಳದ ಕಡೆಗೆ ನಾಲ್ಕು ಹೆಜ್ಜೆ ನಡೆದು, ಎದುರಿಗೆ ಸಿಕ್ಕಿದ ಬಾನಿಗೆ ಸುರಿದುಬಿಟ್ಟಳು. ಸುರಿದದ್ದು ಅವಳಿಗೇ ಗೊತ್ತಾಗಲಿಲ್ಲ. ಆಚಾರ್ಯರು ಅವಳ ಮುಖ ನೋಡುತ್ತಿದ್ದರು, ಕೈ ನೋಡಲಿಲ್ಲ.

ಬಂದು ಮತ್ತೆ ಕೂತಳು. ಮತ್ತೊಂದು ತಂಬಿಗೆ ತೆಗೆದುಕೊಂಡಳು.

“ನಳಿಗ್ಯಾಗ ಆದದ್ದು ಮೈಯಾಗ ಹಂಗ ಆಗಬೇಕಂತಿಲ್ಲ,” ಎಂದರು ಆಚಾರ್ಯರು. “ಮೈಯೊಳಗ ನೂರೆಂಟು ಇರತಾವು. ಒಂದು ನಳಿಗಿ ನೋಡಿ ಎದಿ ಒಡಕೋಬ್ಯಾಡ.”

“ಗೊತ್ತೈತ್ರಿ.”

“ಮತ್ತ ಈ ಪರಿ ಯಾಕ?”

ನೀಲಾಂಬಿಕೆಯ ಕೈ ನಿಂತಿತು. ಕೊನೆಗೆ ನೆಲ ನೋಡುತ್ತ ಹೇಳಿದಳು.

“ಕಲ್ಮೇಶಗ ನಾನು ಗುಳಿಗಿ ಬಿಡಿಸೀನ್ರಿ.”

“ಏನಂದಿ?”

“ದವಾಖಾನಿ ಗುಳಿಗಿ. ದಸರಿಗೇ ಬಿಡಿಸಿದೆ.”

ಅವಳು ಇದನ್ನು ಹೇಳುವಾಗ ಯುಗಾದಿ ಕಳೆದಿತ್ತು.

“ಗುಳಿಗಿ ತಗೊಂಡ್ರ ನಡುಕ ಹೆಚ್ಚಾಗತಿತ್ರಿ. ಒಂದಿನ ನೀರಿನ ಗ್ಲಾಸು ಬಾಯಿಗೆ ಮುಟ್ಟೂದ್ರಾಗ ಎಲ್ಲಾ ಚೆಲ್ಲಿಕೊಂಡು ನನ್ನ ಮಾರಿ ನೋಡಿ ನಕ್ಕ. ಅತ್ತಿದ್ರ ತಡಕೋತಿದ್ದೆ. ನಕ್ಕುಬಿಟ್ಟ. ಅವತ್ತ ಗುಳಿಗಿ ತಗದು ಇಟ್ಟುಬಿಟ್ಟೆ. ಗ್ಲುಟಾಥಯೋನ್ ಪುಡಿ ತರಿಸಿ ದಿನಾ ನೀರಾಗ ಕಲಸಿ ಕುಡಿಸಿದೆ.”

“ನನಗೊಂದು ಮಾತು ಕೇಳಬಾರದಾಗಿತ್ತೇನ?”

“ನೀವ ಹೇಳಿಕೊಟ್ಟಿದ್ರಲ್ರಿ, ಕಾವಲುಗಾರ ಅಂತ. ಮತ್ತ ಕೇಳೂದೇನೈತಿ ಅನಿಸ್ತು.”

ಆಚಾರ್ಯರ ಕೈ ಅವರ ಮಂಡಿಯ ಮೇಲೆ ಹಾಗೇ ಇತ್ತು. ಒಂದೇ ಸಲಕ್ಕೆ ಮುದುಕರಾದಂತೆ ಕಂಡರು.

“ಆ ಗುಳಿಗಿಗೂ ಗಂಧಕದ ಕೈನ ಐತಿ ನೀಲಾ,” ಎಂದರು. “ಆದ್ರ ಅದು ತಾಮ್ರಾನ ಹಿಡಕೊಂಡು ಮೈಯಿಂದ ಹೊರಗ ಹೋಗತೈತಿ. ಅದಕ್ಕ ದಾರಿ ಗೊತ್ತು.”

“ಈಗ ಗೊತ್ತಾತ್ರಿ.”

“ಈಗ ಮತ್ತ ಶುರು ಮಾಡೋಣು. ಇವತ್ತ ದವಾಖಾನಿಗೆ...”

“ಹೋದವಾರ ಕರಕೊಂಡು ಹೋಗಿದ್ದೆ. ನಿಮಗ ಸಂತಿಗೆ ಹೊಂಟೀನಿ ಅಂದಿದ್ದೆ.” ಅವಳ ದನಿ ಏಳಲೂ ಇಲ್ಲ, ಬೀಳಲೂ ಇಲ್ಲ. “ತಡ ಆತು ಅಂದ್ರು. ಲಿವರ್ ಪೂರಾ ಹೋಗೈತಿ ಅಂದ್ರು. ನನ್ನ ಲಿವರ್ ಕೊಡತೀನಿ ಅಂದೆ. ಹೊಂದೂದಿಲ್ಲ ಅಂದ್ರು. ಹೊಂದಿದ್ರೂ ಈಗ ಅವನ ಮೈ ಕೊಯ್ತ ತಡಿಯೂದಿಲ್ಲ ಅಂದ್ರು. ಕೇಳಿದ್ದು ತಿನ್ನಾಕ ಕೊಡ್ರಿ, ಮನ್ಯಾಗ ಇಟಗೋರ್ರಿ ಅಂದ್ರು.”

ಹೊಳೆಯ ಕಡೆಯಿಂದ ಗಾಳಿ ಬಂತು. ತಗಡು ಸದ್ದು ಮಾಡಿತು.

“ಗುರುಗಳ, ಒಂದು ಕೇಳಲೇನ್ರಿ?”

“ಕೇಳು.”

“ನಾನು ಅವನ್ನ ಕೊಂದೆ ಹೌದಲ್ರಿ?”

ಬೇರೆ ಯಾವ ಗುರುವಾದರೂ ತಲೆ ಸವರಿ ಇಲ್ಲಮ್ಮಾ ಎನ್ನುತ್ತಿದ್ದನೇನೋ. ಆಚಾರ್ಯರು ಸುಳ್ಳು ಹೇಳಿ ರೂಢಿಯಿದ್ದವರಲ್ಲ. ಅವರು ಅವಳ ಮುಂದಿದ್ದ ಹುಣಸೆಹಣ್ಣಿನ ಉಂಡೆಯಲ್ಲಿ ಅರ್ಧ ಮುರಿದುಕೊಂಡರು. ಕಪ್ಪಾಗಿದ್ದ ಒಂದು ತಂಬಿಗೆ ತೆಗೆದುಕೊಂಡರು. ತಿಕ್ಕಲು ಶುರು ಮಾಡಿದರು. ಶಿಷ್ಯರ ಎದುರು ಅವರು ತಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

“ಮೊದಲ ದಿನ ನಾ ನಿನಗ ಏನ ಕೇಳಿದೆ?”

“ಕಿಲುಬು ಎಲ್ಲಿ ಹೋತು ಅಂತ.”

“ನೀ ಏನಂದಿ?”

“ಹುಣಸಿಹಣ್ಣು ಹಿಡಕೊಂಡೈತಿ ಅಂದೆ. ನೀವು ಸೈ ಅಂದ್ರಿ.”

“ಅನ್ನಬಾರದಾಗಿತ್ತು. ಹಿಡಕೊಂಡು ಎಲ್ಲಿಗೆ ಹೋತು ಅಂತ ಇನ್ನೊಂದು ಕೇಳಬೇಕಾಗಿತ್ತು.”

“ಯಾಕ ಕೇಳಲಿಲ್ರಿ?” ಈಗ ಅವಳ ದನಿ ಏರಿತು. ಸಿಟ್ಟು ಬಂದಿತ್ತು. ಬರಲೇಬೇಕಲ್ಲ. “ಇಷ್ಟ ಮಂದಿಗೆ ಮತ್ತ ತಿಕ್ಕು, ಮತ್ತ ತಿಕ್ಕು ಅಂದ್ರಿ. ನನಗ ಒಂದ ಸಲ ಅನ್ನಬಾರದಾಗಿತ್ತೇನ್ರಿ?”

“ನನ್ನ ಗುರುಗಳು ನನಗೂ ಅಲ್ಲಿಗೇ ಸೈ ಅಂದಿದ್ರು. ನಾನು ಜನ್ಮಾ ಪೂರ್ತಿ ಅರ್ಧಾ ಪಾಠಾನ ಹೇಳಿದೆ ಅನ್ನೋದು ಇವತ್ತ ನಿನ್ನ ಬಾಯಿಂದ ತಿಳೀತು.”

ಬೈಯಬೇಕೆಂದಿದ್ದವಳು ಎದುರಿಗಿದ್ದ ಮುದಿ ಕೈಗಳನ್ನು ನೋಡಿದಳು. ಅವೂ ತಿಕ್ಕುತ್ತಿದ್ದವು, ಅವಳವೂ ತಿಕ್ಕುತ್ತಿದ್ದವು. ತಿಕ್ಕುತ್ತಲೇ ಇಬ್ಬರೂ ಅಳುತ್ತಿದ್ದರು. ಅಳು ಎನ್ನದೆ ಬೇರೆ ಏನೆನ್ನಲಿ ಅದಕ್ಕೆ.

“ಅಕ್ಕಾ!”

ಕಲ್ಮೇಶನ ಕೂಗು. ಮಧ್ಯಾಹ್ನದ ನಿದ್ದೆ ಮುಗಿಸಿ, ಗೋಡೆ ಹಿಡಿದುಕೊಂಡು, ಚುರುಮುರಿಯ ಬಟ್ಟಲ ಜೊತೆ ಬಾನಿಯ ಹತ್ತಿರ ಬಂದಿದ್ದ. ಅವನ ಮಾತು ಈಗ ತೊದಲುತ್ತಿತ್ತು. ಕೂಗು ಮಾತ್ರ ಸ್ಪಷ್ಟವಾಗಿತ್ತು.

“ಅಕ್ಕಾ, ಮೀನ ನೋಡ ಬಾ.”

ನೀಲಾಂಬಿಕೆ ಓಡಿದಳು. ಬೇಸಿಗೆಯಾದ್ದರಿಂದ ಬಾನಿಯ ನೀರು ತಳ ಹತ್ತಿತ್ತು. ಇದ್ದಷ್ಟು ನೀರು ಹಸಿರಾಗಿತ್ತು. ಮೀನುಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಅವಳಿಗೆ ಆಗ ನೆನಪಾಯಿತು, ತಾನು ಬೋಗುಣಿ ಎತ್ತಿಕೊಂಡು ಎಲ್ಲಿಗೆ ಹೋದೆ ಅನ್ನುವುದು.

“ಅಯ್ಯೋ ಶಿವನೇ, ನಾನ ಚೆಲ್ಲೀನೋ ಕಲ್ಮೇಶ. ನಾನ.”

ಬಾನಿಯೊಳಗೆ ಎರಡೂ ಕೈ ಹಾಕಿ ಹುಚ್ಚಿಯ ಹಾಗೆ ತಡಕಾಡಿದಳು. ಒಂದೊಂದನ್ನೇ ಎತ್ತಿ ನೋಡಿದಳು. ಎಲ್ಲಾ ಸತ್ತಿದ್ದವು. ಒಂದೇ ಒಂದು ಮಾತ್ರ ಅವಳ ಬೆರಳ ಸಂದಿಯಲ್ಲಿ ಮೆಲ್ಲಗೆ ಬಾಲ ಅಲುಗಿಸಿತು.

“ಐತಿ! ಇದೊಂದು ಜೀವ ಐತಿ!”

ಪಾತ್ರೆಗಳ ಕಡೆಗೆ ಧಾವಿಸಿದಳು. ಕೈಗೆ ಸಿಕ್ಕಿದ ತಂಬಿಗೆಗೆ ಕೊಡದ ನೀರು ಸುರಿದಳು. ಮೀನನ್ನು ಅದರಲ್ಲಿ ಬಿಟ್ಟಳು. ತಂಬಿಗೆಯನ್ನು ಎದೆಗೆ ಅವಚಿಕೊಂಡು ಕೂತುಬಿಟ್ಟಳು.

ಮೀನು ಒಂದು ಸುತ್ತು ತಿರುಗಿತು.

ಕಲ್ಮೇಶ ಗೋಡೆ ಹಿಡಿದುಕೊಂಡು ಬಂದು ಅವಳ ಪಕ್ಕದಲ್ಲಿ ಕೂತ.

“ಅಕ್ಕಾ, ಅಳಬ್ಯಾಡ.”

“ನಿನ್ನ ಮೀನ ಕೊಂದೆನಲ್ಲೋ.”

“ಮೀನಿಗಾಗಿ ಅಳಾಕತ್ತಿಲ್ಲ ನೀನು.”

ಅವಳು ತಲೆಯೆತ್ತಿದಳು.

“ಎಚ್ಚರಾಗಿ ನೀವಿಬ್ಬರು ಮಾತಾಡಿದ್ದು ಕೇಳೇನಿ. ಗುಳಿಗಿ ಬಿಡಿಸಿದ್ದು, ಪುಡಿ ಕೊಟ್ಟದ್ದು ನನಗ ಮೊದಲ ಗೊತ್ತಿತ್ತು. ಬಣ್ಣ ಕಲಸಾಂವಗ ಪುಡಿ ಯಾವುದು, ಗುಳಿಗಿ ಯಾವುದು ತಿಳಿಯೂದಿಲ್ಲೇನು?”

“ಮತ್ತ ಯಾಕ ಕುಡದ್ಯೋ? ಯಾಕ ಕೇಳಲಿಲ್ಲ?”

“ನಾ ಕುಡದ ಕೂಡಲೆ ನಿನ್ನ ಮಾರಿ ಅರಳತಿತ್ತು.” ಮಾತು ತೊದಲಿ ನಿಂತಿತು. ಅವನು ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿದ. “ಅದನ್ನ ನೋಡೂದಕ್ಕ ಕುಡದೆ.”

ಆ ಮಾತು ಅವಳಿಗೆ ಸಮಾಧಾನ ಹೇಳಲೆಂದೇ ಬಂದದ್ದು. ಅದರಷ್ಟು ದೊಡ್ಡ ಪೆಟ್ಟು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಆಚಾರ್ಯರು ಹುಣಸೆಯ ಕೈ ತೊಳೆಯದೆ ಅಲ್ಲೇ ನಿಂತಿದ್ದರು.

“ಗುರುಗಳ,” ಎಂದ ಕಲ್ಮೇಶ. “ಹೊಳಿಗೆ ಹೋಗೋಣು. ಇದನ್ನ ಅಲ್ಲಿಂದನ ತಂದಿದ್ದೆ.”

“ನಡಿ.”

ತಂಬಿಗೆಯನ್ನು ತಾನೇ ಹಿಡಿಯುತ್ತೇನೆ ಎಂದು ಕಲ್ಮೇಶ ಹಟ ಮಾಡಿದ. ಅವನ ಕೈ ನಡುಗಿ ನೀರು ತುಳುಕಿತು. ನೀಲಾಂಬಿಕೆ ತನ್ನ ಎರಡೂ ಕೈಗಳನ್ನು ಅವನ ಕೈಗಳ ಮೇಲೆ ಇಟ್ಟು ಗಟ್ಟಿಯಾಗಿ ಹಿಡಿದಳು. ಹಾಗೇ ಅಕ್ಕ ತಮ್ಮ ದಂಡೆಗೆ ಇಳಿದರು. ಹಿಂದೆ ಆಚಾರ್ಯರು.

ನೀರಿನ ಅಂಚಿಗೆ ಬಂದು ಕೂತರು. ತಂಬಿಗೆಯೊಳಗೆ ಇಣುಕಿದರು. ಹೊಸದಾಗಿ ಬೆಳಗಿದ ತಾಮ್ರ ಒಳಗೆಲ್ಲ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮೀನು ತಳದಲ್ಲಿ ಒಂದು ಪಕ್ಕಕ್ಕೆ ವಾಲಿತ್ತು. ಕಿವಿರು ಆಗೊಮ್ಮೆ ಈಗೊಮ್ಮೆ ತೆರೆಯುತ್ತಿತ್ತು.

“ಬಗ್ಗಸು ಅಕ್ಕಾ.”

“ತಡಿ. ಇದಕ್ಕ ಈಗ ಈಜಾಕ ಆಗೂದಿಲ್ಲ. ಹೊಳಿ ಎಳಕೊಂಡು ಹೋಗತೈತಿ. ಸ್ವಲ್ಪ ಚೇತರಿಸಿಕೊಳ್ಳಲಿ.”

“ಅಕ್ಕಾ.”

“ಸ್ವಲ್ಪ ಹೊತ್ತು ಇಟಗೋತೀನಿ ಕಲ್ಮೇಶ. ಸ್ವಲ್ಪ ಹೊತ್ತು. ನಾ ನೋಡಕೋತೀನಿ.”

ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಅಷ್ಟು ಬಿಗಿಯಾಗಿ ಹಿಡಿದಿದ್ದಳು. ತಂಬಿಗೆಯನ್ನು ಹಿಡಿದಿದ್ದಳೋ, ತಮ್ಮನನ್ನು ಹಿಡಿದಿದ್ದಳೋ, ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕಲ್ಮೇಶ ಬಿಡಿಸಿಕೊಳ್ಳಲು ನೋಡಲಿಲ್ಲ. ಅವಳ ಭುಜಕ್ಕೆ ತಲೆ ಒರಗಿಸಿದ. ಅವನಿಗೆ ದಣಿವಾಗಿತ್ತು.

ಮೀನಿನ ಕಿವಿರು ಒಮ್ಮೆ ತೆರೆಯಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ.

ನೀಲಾಂಬಿಕೆ ಹಿಂತಿರುಗಿ ನೋಡಿದಳು. ಅವಳ ಮುಖದಲ್ಲಿದ್ದ ಸಂಕಟವನ್ನು ಆಚಾರ್ಯರಿಗೆ ನೋಡಲಾಗಲಿಲ್ಲ. ಆದರೂ ನೋಡಿದರು.

“ಗುರುಗಳ, ನೀವಾರ ಹೇಳ್ರಿ. ಹೊಳ್ಯಾಗ ಬಿಟ್ರ ಬದುಕತೈತೇನ್ರಿ?”

“ಗೊತ್ತಿಲ್ಲವಾ,” ಎಂದರು ಆಚಾರ್ಯರು. “ತಂಬಿಗ್ಯಾಗ ಇದ್ರ ಬದುಕೂದಿಲ್ಲ, ಅಷ್ಟ ಗೊತ್ತು.”